ಲ್ಯಾಬಿನಲ್ಲಿ ಕಾಯಂ

ದುರುಗೇಶ ಆ ದಿನ ಕಾಲೇಜಿಗೆ ಒಂದು ತಾಸು ಮೊದಲೇ ಬಂದದ್ದೇ ತಪ್ಪಾಯಿತು. ಎಲ್ಲರ ಹಾಗೆ ಗಂಟೆ ಬಾರಿಸಿದ ಮೇಲೆ ಬಂದಿದ್ದರೆ ಲ್ಯಾಬಿನೊಳಗೆ ಒಬ್ಬನೇ ನಿಲ್ಲುವ ಪ್ರಸಂಗ ಬರುತ್ತಿರಲಿಲ್ಲ, ಕಾಣಬಾರದ್ದನ್ನು ಕಾಣುವ ಪ್ರಸಂಗವೂ ಬರುತ್ತಿರಲಿಲ್ಲ.

ರಾಯಚೂರು ದಾಟಿ ಮಾನ್ವಿ ರಸ್ತೆಗೆ ಹತ್ತಿಕೊಂಡಿದ್ದ ಆ ಖಾಸಗಿ ಪಾಲಿಟೆಕ್ನಿಕ್ಕಿನಲ್ಲಿ ಅವನು ಮೆಕ್ಯಾನಿಕಲ್ ಹುಡುಗರಿಗೆ ಹೈಡ್ರಾಲಿಕ್ಸ್ ಮತ್ತು ನ್ಯೂಮ್ಯಾಟಿಕ್ಸ್ ಕಲಿಸುತ್ತಿದ್ದ. ಎಣ್ಣೆಯ ಒತ್ತಡದಿಂದ, ಗಾಳಿಯ ಒತ್ತಡದಿಂದ ಯಂತ್ರ ನಡೆಸುವ ವಿದ್ಯೆ ಅದು. ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಅಂದು ಮಧ್ಯಾಹ್ನ ಕಾಲೇಜಿನ ಆಡಳಿತ ಮಂಡಳಿಯ ಕಡೆಯಿಂದ ಲ್ಯಾಬ್ ತಪಾಸಣೆಗೆ ಒಬ್ಬರು ಬರುವವರಿದ್ದರು. ಅವರು ಎಲ್ಲಾ ಸರಿಯಿದೆ ಎಂದು ಸಹಿ ಹಾಕಿದರೆ ನೌಕರಿ ಕಾಯಂ. ಕಾಯಂ ಆದರೆ ದೇವದುರ್ಗದ ರಾಧಾಳೊಂದಿಗೆ ಮದುವೆ. ಅವಳ ಅಪ್ಪ ಹುಲಿಗೆಪ್ಪ, ಟೆಂಪರವರಿ ಎಂಬ ಮಾತು ಕಿವಿಗೆ ಬಿದ್ದರೆ ಕುಡಿಯುತ್ತಿದ್ದ ಚಹಾ ಕೆಳಗಿಟ್ಟು ಎದ್ದು ಹೋಗುವ ಮನುಷ್ಯ. ಅದಕ್ಕೇ ದುರುಗೇಶ ಪ್ರಯೋಗವನ್ನು ಒಮ್ಮೆ ಮಾಡಿ ನೋಡಿಬಿಡೋಣವೆಂದು ಬೇಗ ಬಂದಿದ್ದ.

ಲ್ಯಾಬಿನ ಗೋಡೆಗೆ ಆನಿಸಿ ಒಂದು ದೊಡ್ಡ ಹಲಗೆ ಇತ್ತು. ಅದರ ಮೇಲೆ ಮೊಳದುದ್ದದ ಸಿಲಿಂಡರು, ವಾಲ್ವುಗಳು, ನೀಲಿ ಪೈಪುಗಳು. ಕೆಳಗೆ ಗಾಳಿ ಎಳೆದು ಟ್ಯಾಂಕಿನಲ್ಲಿ ತುಂಬಿಡುವ ಕಂಪ್ರೆಸರ್. ಗುಂಡಿ ಒತ್ತಿದರೆ ಗಾಳಿ ಸಿಲಿಂಡರಿಗೆ ನುಗ್ಗಿ ಒಳಗಿನ ಉಕ್ಕಿನ ರಾಡನ್ನು ಹೊರಗೆ ತಳ್ಳುತ್ತದೆ, ಬಿಟ್ಟರೆ ರಾಡು ಒಳಗೆ ಹೋಗುತ್ತದೆ. ದುರುಗೇಶ ಇನ್ನೂ ಹೆಗಲ ಚೀಲ ಇಳಿಸಿರಲಿಲ್ಲ, ಬೆನ್ನ ಹಿಂದೆ ಉಸ್ಸೆಂದಿತು. ತಿರುಗಿ ನೋಡಿದರೆ ರಾಡು ಮೆಲ್ಲಗೆ ಹೊರಗೆ ಬರುತ್ತಿತ್ತು. ಪೂರ್ತಿ ಬಂದು, ಸ್ವಲ್ಪ ಹೊತ್ತು ಅವನನ್ನೇ ನೋಡುತ್ತ ನಿಂತು, ಬಂದ ಹಾಗೆಯೇ ಒಳಗೆ ಹೋಯಿತು. ಗುಂಡಿಯ ಹತ್ತಿರ ಯಾರೂ ಇರಲಿಲ್ಲ. ಗೋಡೆಯ ಮೇಲೆ ಗಡಿಗೆಪ್ಪ ಸರ್ ಫೋಟೋ ಒಂದಿತ್ತು, ಅಷ್ಟೇ.

ಗಡಿಗೆಪ್ಪ ಸರ್ ಆ ಲ್ಯಾಬು ಕಟ್ಟಿದವರು. ಅವರನ್ನು ಕಂಡವರು ಈಗ ಕಾಲೇಜಿನಲ್ಲಿ ಒಬ್ಬರೂ ಇರಲಿಲ್ಲ. ಅಲ್ಲಿ ಮೇಷ್ಟ್ರುಗಳು ಬಸ್ ಸ್ಟ್ಯಾಂಡಿನ ಜನರ ಹಾಗೆ, ಸ್ವಲ್ಪ ಕೂತು ಎದ್ದು ಹೋಗುವವರು. ಫೋಟೋಕ್ಕೆ ಒಣಗಿದ ಗಂಧದ ಹಾರವಿತ್ತು. ಪ್ರತಿ ಆಯುಧಪೂಜೆಗೆ ಯಂತ್ರಗಳಿಗೆಲ್ಲ ಕುಂಕುಮ, ವಿಭೂತಿ ಹಚ್ಚುವಾಗ ಅಟೆಂಡರ್ ಹನುಮಂತಮ್ಮ ಫೋಟೋದ ಗಾಜಿಗೂ ಹಚ್ಚುತ್ತಿದ್ದಳು. ಹಚ್ಚಿ ಹಚ್ಚಿ ಈಗ ಮುಖದಲ್ಲಿ ಮೀಸೆಯೊಂದೇ ಕಾಣುತ್ತಿತ್ತು.

ಕಸಬರಿಗೆ ಹಿಡಿದು ಬಂದ ಹನುಮಂತಮ್ಮ ಅವನ ಮುಖ ನೋಡಿಯೇ ತಿಳಿದುಕೊಂಡಳು.

"ನಿಮಗೂ ಕಂಡ್ತೇನ್ರಿ ಸರ? ಗಡಿಗೆಪ್ಪ ಸರ್ ಸತ್ರೂ ಜೀವ ಇದ್ರಾಗ ಅದ. ಬದುಕಿದ್ದಾಗ ಒಬ್ರಿಗೂ ಮುಟ್ಟಾಕ ಬಿಡ್ತಿದ್ದಿಲ್ಲಂತ. ನಾ ಕಸಾ ಹೊಡಿಯಾಕತ್ತಾಗ ಹಿಂಗ ಉಸಿರು ಬಿಡ್ತಾರ."

"ಗಾಳಿಗೆ ಜೀವ ಇರಂಗಿಲ್ಲವ್ವಾ, ಒತ್ತಡ ಇರ್ತದ," ಎಂದ ದುರುಗೇಶ. ಪಾಠ ಸರಿಯಾಗಿತ್ತು, ಧ್ವನಿ ಮಾತ್ರ ನಡುಗುತ್ತಿತ್ತು.

ಆದರೂ ಅವನು ಕಲಿತವನು. ಒಂದು ಮಗ್ಗಿನಲ್ಲಿ ಸೋಪಿನ ನೀರು ಕಲೆಸಿ ಪೈಪಿನ ಒಂದೊಂದು ಜೋಡಣೆಗೂ ಹಚ್ಚುತ್ತ ಹೋದ. ವಾಲ್ವಿನ ಹತ್ತಿರ ಬುಳುಬುಳು ಗುಳ್ಳೆ ಎದ್ದವು. ಅಲ್ಲಿ ಗಾಳಿ ಸೋರಿ ವಾಲ್ವನ್ನು ತಳ್ಳುತ್ತಿತ್ತು, ವಾಲ್ವು ರಾಡನ್ನು ತಳ್ಳುತ್ತಿತ್ತು. ಟೇಪು ಸುತ್ತಿ ಬಿಗಿ ಮಾಡಿದ. ಬಹಳ ಹೊತ್ತು ಕಾದರೂ ರಾಡು ಅಲುಗಲಿಲ್ಲ. ದುರುಗೇಶನಿಗೆ ಹೋದ ಜೀವ ಬಂದಂತಾಯಿತು. ಅದೇ ಹುರುಪಿನಲ್ಲಿ ಮೊದಲ ಪೀರಿಯಡ್ಡಿನಲ್ಲಿ ಹುಡುಗರಿಗೆ ಸೋರಿಕೆಯ ಪಾಠ ಹೇಳಿ, ದೆವ್ವ ಅಂದರೆ ಬಿಗಿ ಮಾಡದೆ ಬಿಟ್ಟ ಜೋಡಣೆ ಎಂದು ಬರೆಸಿಯೂ ಬಿಟ್ಟ.

ಹುಡುಗರು ಪಾಠ ಮರೆತು ದೆವ್ವವನ್ನಷ್ಟೇ ಹೊತ್ತುಕೊಂಡು ಹೋದರು. ಊಟದ ಹೊತ್ತಿಗೆ ಸುದ್ದಿ ಪ್ರಿನ್ಸಿಪಾಲ್ ನೇತ್ರಾವತಿ ಮೇಡಂ ಅವರಿಗೆ ಮುಟ್ಟಿತು. ಅವರು ದುರುಗೇಶನ ಸೋಪಿನ ನೀರಿನ ಕತೆಯನ್ನು ಪೂರ್ತಿ ಕೇಳಿ, ನೀವು ಹೇಳೋದು ಖರೇನೇ ಇರಬಹುದು, ಆದರೆ ಬರುವವರ ಮುಂದೆ ಅಪಾಯ ಯಾಕೆ ಎಂದರು. ಅವನನ್ನು ಗೇಟಿಗೆ ಅತಿಥಿಯನ್ನು ಕಾಯಲು ಕಳಿಸಿ, ವರ್ಕ್‌ಶಾಪಿನ ದಸ್ತಗೀರ್ ಸಾಬರನ್ನು ಲ್ಯಾಬಿಗೆ ಕಳಿಸಿದರು.

ದಸ್ತಗೀರ್ ಸಾಬರು ಮಾಡುವ ಕೆಲಸ ಅರ್ಧ ಮಾಡುವವರಲ್ಲ. ಕೆಂಡದ ಮೇಲೆ ಲೋಬಾನ ಹಾಕಿ ಮೂಲೆಮೂಲೆಗೂ ಹೊಗೆ ತೋರಿಸಿದರು. ಉಸಿರು ಎಲ್ಲಿಂದ ಹೊರಡುತ್ತದೋ ಅಲ್ಲಿಯೇ ಕಟ್ಟಬೇಕೆಂದು ಹನುಮಂತಮ್ಮ ಕಂಪ್ರೆಸರ್ ಗಾಳಿ ಎಳೆದುಕೊಳ್ಳುವ ಬಾಯಿಗೆ ಎರಡು ಹಿಡಿ ವಿಭೂತಿ ಒತ್ತಿ, ಮೇಲೊಂದು ನಿಂಬೆಹಣ್ಣು ಇಟ್ಟಳು. ಒಳಗೆ ಧೂಳು ಹೋಗದಂತೆ ಆ ಬಾಯಿಗಿದ್ದ ಜಾಲರಿ ಮುರಿದು ಎಷ್ಟೋ ದಿನವಾಗಿತ್ತು.

ತಪಾಸಣೆಯವರು ಮಾನ್ವಿಯಿಂದ ಬಂದಿಳಿದರು. ಬೋಳು ತಲೆ, ನುಣ್ಣಗೆ ಬೋಳಿಸಿದ ಮುಖ, ದಪ್ಪ ಕನ್ನಡಕದ ಮುದುಕರು. ಹೆಸರು ಕೇಳುವಷ್ಟರಲ್ಲಿ ಅವರೇ ಲ್ಯಾಬಿನ ಹಾದಿ ಹಿಡಿದಿದ್ದರು. ದಾರಿ ಇವರಿಗೆ ಹೇಗೆ ಗೊತ್ತು ಎಂದು ದುರುಗೇಶನಿಗೆ ಒಂದು ಗಳಿಗೆ ಅನ್ನಿಸಿತು, ಗಾಬರಿಯಲ್ಲಿ ಮರೆತುಬಿಟ್ಟ.

ಬಾಗಿಲು ತೆಗೆದರೆ ಹಾಡುಹಗಲಿನಲ್ಲಿ ಒಳಗೆ ಮಬ್ಬು. ದರ್ಗಾದ ವಾಸನೆ. ದುರುಗೇಶ ಸ್ವಿಚ್ ಹಾಕಿದ, ಕಂಪ್ರೆಸರ್ ದಡದಡ ಚಾಲೂ ಆಯಿತು. ಮುದುಕರು ಫೋಟೋವನ್ನೇ ದಿಟ್ಟಿಸುತ್ತ ಸಿಲಿಂಡರಿನ ಪಕ್ಕದಲ್ಲಿ ನಿಂತರು. ದುರುಗೇಶ ರಾಧಾಳನ್ನು ನೆನೆದು ಗುಂಡಿ ಒತ್ತಿದ. ರಾಡು ಚೆಂದಾಗಿ ಹೊರಗೆ ಬಂತು. ಗುಂಡಿ ಬಿಟ್ಟ. ವಾಲ್ವಿನ ತೂತಿನಿಂದ ಒಂದು ದೀರ್ಘ ಉಸಿರು ಹೊರಟು, ಲೋಬಾನದ ವಾಸನೆಯ ಜೊತೆಗೆ ವಿಭೂತಿ ಬುಸ್ಸೆಂದು ಮುದುಕರ ಮುಖಕ್ಕೆ ರಾಚಿತು. ರಾಡು ನಡುವಿಗೇ ಸಿಕ್ಕಿಕೊಂಡಿತು.

"ಇದೇನಪಾ?" ಎಂದರು ಮುದುಕರು, ಬೆಳ್ಳಗಾದ ಮುಖದಿಂದ.

ಆಗ ದುರುಗೇಶ ಸೋಪಿನ ನೀರನ್ನು ಮರೆತ, ಬೆಳಗಿನ ಪಾಠವನ್ನೂ ಮರೆತ. ಅವನ ಕಣ್ಣ ಮುಂದೆ ಹುಲಿಗೆಪ್ಪ ಚಹಾದ ಕಪ್ಪು ಕೆಳಗಿಡುತ್ತಿದ್ದ.

"ನಂದೇನು ತಪ್ಪಿಲ್ರಿ ಸರ. ಇಲ್ಲಿ ಗಡಿಗೆಪ್ಪ ಅಂತ ಒಬ್ರು ಇದ್ರು. ಭಾಳ ಕೆಟ್ಟ ಸ್ವಭಾವದವ್ರಂತ. ಸತ್ತ ಮ್ಯಾಲೂ ಯಾರಿಗೂ ಪ್ರಯೋಗ ಮಾಡಾಕ ಬಿಡವಲ್ರು. ಅವ್ರದ ಉಸಿರು ಇದು."

ಮುದುಕರು ಕನ್ನಡಕ ತೆಗೆದರು. ಕರವಸ್ತ್ರ ತೆಗೆದು ಮುಖ ಒರೆಸಿಕೊಂಡರು. ಆಮೇಲೆ ಅದರಿಂದಲೇ ಫೋಟೋದ ಗಾಜು ಒರೆಸತೊಡಗಿದರು. ಕುಂಕುಮದ ಕೆಳಗಿಂದ ಹಣೆ ಬಂತು, ಕಣ್ಣು ಬಂದವು, ಮೂಗು ಬಂತು. ಮೀಸೆಯೊಂದನ್ನು ಬಿಟ್ಟರೆ ಎರಡೂ ಒಂದೇ ಮುಖ. ದುರುಗೇಶ ಬಾಗಿಲ ಕಡೆಗೆ ಎರಡು ಹೆಜ್ಜೆ ಹಿಂದೆ ಸರಿದ.

"ಹೆದರಬ್ಯಾಡ, ಜೀವಂತ ಅದೀನಿ," ಎಂದರು ಗಡಿಗೆಪ್ಪ ಸರ್. "ಬೀಳ್ಕೊಡುಗಿ ದಿನ ನನ್ನ ಕೊರಳಿಗೆ ಹಾಕಿದ ಹಾರ ಇದು. ಹೋಗೋ ಮುಂದ ನಾನ ಫೋಟೋಕ್ಕ ಹಾಕಿ ಹೋಗಿದ್ದೆ. ಅಷ್ಟಕ್ಕ ನನ್ನ ಮಣ್ಣು ಮಾಡಿಬಿಟ್ರಲ್ಲ."

ದುರುಗೇಶ ಕಾಲಿಗೆ ಬಿದ್ದ. ಗಡಿಗೆಪ್ಪ ಸರ್ ಎಬ್ಬಿಸಿದರು. ಮೇಷ್ಟ್ರಾದವನು ಇಂಥದ್ದನ್ನು ನಂಬಬಾರದೆಂದು ಅಲ್ಲಿಯೇ ಪಾಠಕ್ಕೆ ನಿಂತರು. ಪ್ಲಗ್ಗು ಕಿತ್ತು ನೆಲಕ್ಕೆ ಹಾಕಿದರು. ಟ್ಯಾಂಕಿನ ತಳದ ನಲ್ಲಿ ತಿರುಗಿಸಿದರು. ಗಾಳಿಯೆಲ್ಲ ಭರ್ರೆಂದು ಹೊರಟು ಹೋಗಿ ಒತ್ತಡ ತೋರಿಸುವ ಗೇಜಿನ ಮುಳ್ಳು ಸೊನ್ನೆಗೆ ಬಂದು ಕೂತಿತು. ಪೈಪುಗಳನ್ನೂ ತಮ್ಮ ಕೈಯಿಂದಲೇ ಬಿಡಿಸಿದರು. ಇನ್ನು ಇದರಲ್ಲಿ ಗಾಳಿ ಇಲ್ಲ, ಗಾಳಿ ಇಲ್ಲದೆ ರಾಡು ಕದಲುವಂತಿಲ್ಲ, ಇಷ್ಟು ತಿಳಿದರೆ ಸಾಕು ಎಂದು ಹೇಳಿ, ಕಾಗದ ಬಿಡಿಸಿ ಸಹಿಗೆ ಪೆನ್ನು ತೆಗೆದರು. ದುರುಗೇಶನ ಕಣ್ಣಲ್ಲಿ ನೀರು ಬಂತು.

ಉಸ್ಸೆಂದಿತು.

ರಾಡು ನಡುವಿನಿಂದ ಹೊರಟು, ಬೆಳಿಗ್ಗೆಯ ಹಾಗೆಯೇ ಮೆಲ್ಲಗೆ, ಪೂರ್ತಿ ಹೊರಗೆ ಬಂದು ನಿಂತಿತು. ಬಿಡಿಸಿದ ಪೈಪುಗಳು ನೆಲದ ಮೇಲೆ ಬಿದ್ದಿದ್ದವು. ಗಡಿಗೆಪ್ಪ ಸರ್ ಅದನ್ನು ನೋಡಿದರು, ಫೋಟೋ ನೋಡಿದರು, ದುರುಗೇಶನನ್ನು ನೋಡಿದರು.

"ನಾ ಅಂತೂ ಇಲ್ಲೇ ನಿಂತೀನಿ," ಎಂದರು ಸಣ್ಣ ದನಿಯಲ್ಲಿ. "ಹಂಗಾರ ಅದು ಯಾರು?"

ಉತ್ತರಕ್ಕೆ ಅವರು ಕಾಯಲಿಲ್ಲ. ಕಾಗದ ಬಗಲಲ್ಲಿಟ್ಟುಕೊಂಡು, ಚಹಾ ಹಿಡಿದು ಎದುರಾದ ಮೇಡಂ ಅವರಿಗೆ ನಡೆಯುತ್ತಲೇ ಹೇಳಿದರು: ಲ್ಯಾಬಿಗೆ ಸಹಿ ಹಾಕಲು ಬರುವುದಿಲ್ಲ, ಆ ಹಲಗೆಯನ್ನು ಯಾರೂ ಮುಟ್ಟಬೇಡಿ, ಅಲ್ಲಿ ಇರುವವರನ್ನು ಅವರ ಪಾಡಿಗೆ ಬಿಡಿ. ಫೋಟೋ ಮಾತ್ರ ಕಿತ್ತು ಕೈಯಲ್ಲಿ ಹಿಡಿದಿದ್ದರು.

ಫೋಟೋ ಇದ್ದ ಜಾಗದಲ್ಲಿ ಗೋಡೆ ಚೌಕಾಕಾರವಾಗಿ ಬೆಳ್ಳಗಿತ್ತು. ಹನುಮಂತಮ್ಮ ಬಂದು, ಈಗ ಇಲ್ಲಿ ಯಾರ ಫೋಟೋ ಹಾಕೋದ್ರಿ ಎಂದು ಕೇಳಿದಳು. ಅಷ್ಟರಲ್ಲಿ ದುರುಗೇಶನ ಫೋನು ಬಡಿದುಕೊಂಡಿತು. ದೇವದುರ್ಗದಿಂದ ರಾಧಾ.

"ಅಪ್ಪ ಇಲ್ಲೇ ಕುಂತಾರ್ರಿ, ಕೇಳಾಕತ್ತಾರ. ಕಾಯಂ ಆತೇನ್ರಿ?"

ರಾಡು ಮೆಲ್ಲಗೆ ಒಳಗೆ ಹೋಯಿತು. ದುರುಗೇಶ ಅದನ್ನೇ ನೋಡುತ್ತ ಉತ್ತರ ಕೊಟ್ಟ.

"ಆತು ರಾಧಾ. ಆದ್ರ ನಾನಲ್ಲ. ಲ್ಯಾಬಿನ್ಯಾಗ ಬ್ಯಾರೆ ಒಬ್ರು ಅದಾರ, ಅವ್ರು ಕಾಯಂ ಆದ್ರು."