ನಮ್ಮ ಮಾವನವರ ಬಚ್ಚಲುಮನೆ

ನಮ್ಮ ಮಾವನವರು ತಮ್ಮ ಜೀವಮಾನದಲ್ಲಿ ಯಾವ ಗುಡಿಗೂ ಹಾಕದಷ್ಟು ಪ್ರದಕ್ಷಿಣೆಯನ್ನು ಮನೆಯ ಬಚ್ಚಲಿಗೆ ಹಾಕಿದ್ದಾರೆ ಎಂದರೆ ನೀವು ನಂಬಲಿಕ್ಕಿಲ್ಲ. ಮದುವೆಯಾಗಿ ಬಂದ ಮೊದಲ ವಾರ ನಾನೂ ನಂಬಿರಲಿಲ್ಲ. ಬೆಳಗಾದರೆ ಸಾಕು, ಈ ಮನುಷ್ಯ ಕೈ ಹಿಂದೆ ಕಟ್ಟಿಕೊಂಡು ಹಿತ್ತಲಿಗೆ ಹೋಗುತ್ತಾರೆ, ಬಚ್ಚಲಿನ ಸುತ್ತ ಒಂದು ಸುತ್ತು ಬರುತ್ತಾರೆ, ನಿಂತು ಗೋಡೆಯನ್ನು ಬೆರಳಿನಿಂದ ಬಡಿದು ಕಿವಿಗೊಡುತ್ತಾರೆ. ಡಾಕ್ಟರು ರೋಗಿಯ ಬೆನ್ನು ಬಡಿದು ನೋಡುತ್ತಾರಲ್ಲ, ಹಾಗೆ.

"ಅದೇನು ನೋಡ್ತಾರ್ರೀ ಅವರು?" ಎಂದು ಗಂಡನನ್ನು ಕೇಳಿದೆ.

"ರಿಟೈರ್ ಆದಾಗಿಂದ ನೋಡಾಕತ್ತಾರ. ಏನು ನೋಡ್ತಾರ ಅಂಬೋದು ನಮಗ್ಯಾರಿಗೂ ತಿಳಿದಿಲ್ಲ. ನಿನಗ ತಿಳಿದ್ರ ನಮಗೂ ಹೇಳು" ಎಂದರು.

ಇದು ಎಪ್ಪತ್ತರ ದಶಕದ ಕೊನೆಯ ಮಾತು. ನಾನು ಮಾನ್ವಿ ತಾಲೂಕಿನ ಹಿರೇಕೊಟ್ನೆಕಲ್ಲಿನವಳು. ನಮ್ಮ ತವರುಮನೆಯಲ್ಲಿ ಬಚ್ಚಲು ಎಂದರೆ ಹಿತ್ತಲಲ್ಲಿ ಒಂದು ಚಪ್ಪಡಿ ಕಲ್ಲು, ಮೂರು ಕಡೆ ಜೋಳದ ದಂಟಿನ ತಡಿಕೆ, ನಾಲ್ಕನೆಯ ಕಡೆ ಎಮ್ಮೆ. ಎಮ್ಮೆ ಎದ್ದು ಹೋದರೆ ಆ ದಿನ ಸ್ನಾನ ಮುಗಿದಂತೆಯೇ. ಅಂಥಲ್ಲಿಂದ ರಾಯಚೂರಿನ ಈ ಮನೆಗೆ ಬಂದು ಮೊದಲ ದಿನ ಬಚ್ಚಲಿನ ಬಾಗಿಲು ತೆರೆದರೆ ಎದುರಿಗೆ ಹಿಮದ ಪರ್ವತ. ಯಾವುದೋ ಕಂಪನಿಯ ಕ್ಯಾಲೆಂಡರಿನ ಚಿತ್ರಕ್ಕೆ ಗಾಜು ಹಾಕಿಸಿ, ಅಂಚಿಗೆ ಮೇಣ ಮೆತ್ತಿ, ಗೋಡೆಗೆ ಕೂಡಿಸಿದ್ದರು. ನಾನು ತಂಬಿಗೆ ಹಿಡಿದು ಪರ್ವತವನ್ನೇ ನೋಡುತ್ತ ನಿಂತುಬಿಟ್ಟೆ.

ಹೊರಗೆ ಬಂದಾಗ ಮಾವನವರು ಕಾಯುತ್ತಿದ್ದರು. "ಹ್ಯಾಂಗಾತವ್ವಾ ಸ್ನಾನ?"

ಹೊಸ ಸೊಸೆಯನ್ನು ಯಾರಾದರೂ ಕೇಳುವ ಪ್ರಶ್ನೆಯೇ ಇದು? ತಲೆ ತಗ್ಗಿಸಿ "ತಣ್ಣಗಾತ್ರಿ" ಎಂದೆ.

ಅವರ ಮುಖ ಅರಳಿತು. "ಹಾಂ. ನಮ್ಮೂರ ಬ್ಯಾಸಗ್ಯಾಗ ತೊಟ್ಟಿ ನೀರು ಕುದ್ದಾಂಗ ಇರ್ತಾವ. ನೀರು ತಣ್ಣಗ ಮಾಡಾಕ ನಮ್ಮ ಕೈಲಿ ಆಗಂಗಿಲ್ಲ, ಕಣ್ಣರ ತಣ್ಣಗ ಮಾಡಬೇಕಲ್ಲ?" ಎಂದು, ಒಳಗಿದ್ದ ಅತ್ತೆಗೆ ಕೇಳುವ ಹಾಗೆ ಗಟ್ಟಿಯಾಗಿ ಹೇಳಿದರು, "ಕೇಳಿದೇನು? ಸೊಸಿಗಿ ತಣ್ಣಗಾತಂತ."

ಚಳಿಗಾಲ ಬಂತೆಂದರೆ ಹಿಮ ಕೆಳಗಿಳಿಯುತ್ತಿತ್ತು. ಅದರ ಜಾಗಕ್ಕೆ ಯಾಗದ ಅಗ್ನಿಯ ಚಿತ್ರ ಹಾಕಬೇಕೆಂದು ಅವರು ಹೊರಟಿದ್ದರಂತೆ. "ದೇವರ ಪಟ ಬಚ್ಚಲದಾಗ ಹಾಕಿದ್ರ ನಾ ತವರಮನಿ ಬಸ್ಸು ಹತ್ತತೀನಿ" ಎಂದು ಅತ್ತೆ ಹೆದರಿಸಿದ ಮೇಲೆ, ಸೀಮೆಎಣ್ಣೆ ಸ್ಟೋವಿನ ಜಾಹೀರಾತಿಗೆ ಬಂದು ನಿಂತರು. ಪುಷ್ಯಮಾಸದ ಚಳಿಯಲ್ಲಿ ನಾವೆಲ್ಲ ನೀಲಿ ಜ್ವಾಲೆಯ ಸ್ಟೋವನ್ನು ನೋಡುತ್ತ ನಡುಗುತ್ತ ಮೈ ತೊಳೆದುಕೊಳ್ಳುತ್ತಿದ್ದೆವು.

ಮಾವನವರು ಮೂವತ್ತು ವರ್ಷ ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ತೂಕದ ಗುಮಾಸ್ತರಾಗಿದ್ದವರು. ಹತ್ತಿಯ ಪುಡಿ ಹುಬ್ಬು, ಮೀಸೆ, ಕಿವಿಯ ಸಂದಿಗಳಲ್ಲೆಲ್ಲ ಕೂತು, ಸಂಜೆ ಮನೆಗೆ ಮುದುಕರಾಗಿ ಬಂದು ಬಚ್ಚಲಿನಿಂದ ಹರೆಯದವರಾಗಿ ಹೊರಗೆ ಬರುತ್ತಿದ್ದರಂತೆ. ಆ ಋಣ ಅವರಿಗೆ ಮರೆತಿರಲಿಲ್ಲವೆಂದು ಕಾಣುತ್ತದೆ. ಮನೆಯ ಪಡಸಾಲೆಯ ಸುಣ್ಣ ಉದುರಿ ಕಲ್ಲು ಕಾಣುತ್ತಿತ್ತು, ಅದರ ಕಡೆ ಅವರು ತಿರುಗಿಯೂ ನೋಡುತ್ತಿರಲಿಲ್ಲ. ಅತ್ತೆ ಬೈದರೆ, "ಪಡಸಾಲಿ ಬಂದ ಮಂದಿಗಿ, ಬಚ್ಚಲ ನಮಗ. ಒಬ್ಬರು ಒಳಗ ಹೋಗಿ ಬಾಗಲ ಹಾಕ್ಕೊಂಡ್ರ, ಅಷ್ಟೊತ್ತು ಅವರೇ ರಾಜರು" ಎನ್ನುತ್ತಿದ್ದರು. ಒಂಬತ್ತು ಮಂದಿಗೆ ಒಂದೇ ಬಚ್ಚಲಿದ್ದ ಮನೆಯಲ್ಲಿ ಆ ರಾಜ್ಯಭಾರ ಐದು ನಿಮಿಷದ್ದು. ಅಷ್ಟರಲ್ಲೇ ಯಾರಾದರೂ ಬಾಗಿಲು ಬಡಿಯುತ್ತಿದ್ದರು.

ಅವರದು ಇನ್ನೊಂದು ಹಟವಿತ್ತು. ಬಚ್ಚಲಿಗೆ ಹೊಸದಾಗಿ ಏನನ್ನೂ ಕೊಳ್ಳಬಾರದು. "ರೊಕ್ಕಾ ಸುರುವಿ ಯಾರರ ಚಂದ ಮಾಡ್ತಾರ. ಅದರಾಗ ಏನು ಶಾಣ್ಯಾತನ ಅದ?" ಎಂದು ಕೇಳುವರು. ಹೀಗಾಗಿ ಹತ್ತಿಯ ಮೂಟೆಗೆ, ಅಂದರೆ ಅಂಡಿಗೆಗೆ, ಬಿಗಿಯುವ ಕಬ್ಬಿಣದ ಪಟ್ಟಿ ಬಟ್ಟೆ ಹಾಕುವ ಗೂಟವಾಯಿತು, ಒಡೆದ ಹೂಜಿಯ ತಳ ಸಾಬೂನಿನ ತಟ್ಟೆಯಾಯಿತು.

ನೆಲಕ್ಕೆ ಟೈಲ್ಸ್ ಹಾಕಿದ ಪ್ರಸಂಗವನ್ನಂತೂ ಹೇಳಲೇಬೇಕು. ಬಜಾರಿನಲ್ಲಿ ಅವರ ಗೆಳೆಯರೊಬ್ಬರ ಟೈಲ್ಸ್ ಅಂಗಡಿಯಿತ್ತು. ನಾವೆಲ್ಲ ಅವರನ್ನು ಚಾಚಾ ಎನ್ನುತ್ತಿದ್ದೆವು. ಮಾವನವರು ದಿನಾ ಸಂಜೆ ಅಲ್ಲಿ ಹೋಗಿ ಕೂತು, ಚಹಾ ಕುಡಿದು, ಒಡೆದ ಚೂರುಗಳನ್ನು ಕೈಚೀಲದಲ್ಲಿ ತುಂಬಿಕೊಂಡು ಬರುವರು. ಒಂದು ದಿನ ಚಾಚಾ ನಮ್ಮ ಮನೆಗೆ ಬಂದಾಗ ನನ್ನ ಮುಂದೆ ಗೋಳು ಹೇಳಿಕೊಂಡರು.

"ನೋಡ್ ಬೇಟಿ, ಮಂದಿ ನಮ್ಮ ದುಕಾನಿಗಿ ಬಂದು ಚಲೋ ಮಾಲ್ ಐತೇನು ಅಂತ ಕೇಳ್ತಾರ. ನಿಮ್ಮ ಮಾವ ಬಂದ್ರ, ಇವತ್ತು ಏನರ ಒಡದೈತೇನು ಅಂತ ಕೇಳ್ತಾರ. ಗಿರಾಕಿ ಮುಂದೇ ಕೇಳ್ತಾರ."

ಮಾವನವರು, "ದೋಸ್ತಾ, ನಿನ್ನ ಕೂಲಿ ಮಂದಿ ಈಗೀಗ ಭಾಳ ಹುಷಾರಾಗ್ಯಾರ. ನಾಕು ದಿನ ಆತು, ಒಂದೂ ಒಡದಿಲ್ಲ" ಎಂದು ನಿಜವಾದ ಚಿಂತೆಯಿಂದ ಹೇಳಿದರು. ಮರುದಿನದಿಂದ ಚೂರುಗಳು ಮತ್ತೆ ಬರತೊಡಗಿದವು. ಗೆಳೆಯನಿಗಾಗಿ ಚಾಚಾ ತಾವೇ ಒಂದೊಂದನ್ನು ಕೈಜಾರಿಸುತ್ತಿದ್ದರೆಂದು ನನ್ನ ಗುಮಾನಿ. ಒಂದು ಕಂದು ಬಣ್ಣದ ಟೈಲಂತೂ ಸರಿಯಾಗಿ ಮಧ್ಯದಲ್ಲಿ, ಸುತ್ತಿಗೆಯಿಂದ ಹೊಡೆದ ಗುರುತಿನ ಸಮೇತ ಬಂದಿತ್ತು.

ನಾಲ್ಕು ತಿಂಗಳು ಆ ನೆಲದ ಕೆಲಸ ನಡೆಯಿತು. ಅಷ್ಟೂ ದಿನ ಅರ್ಧ ಬಚ್ಚಲಿನಲ್ಲಿ ಒಂಟಿ ಕಾಲಿನ ಮೇಲೆ ನಮ್ಮ ಸ್ನಾನ. ಕೊನೆಗೆ ಒಂದು ಭಾನುವಾರ ಮನೆಮಂದಿಯನ್ನೆಲ್ಲ ಬಾಗಿಲಲ್ಲಿ ನಿಲ್ಲಿಸಿ, "ಏನು ಕಾಣ್ತದ ಹೇಳ್ರಿ" ಎಂದರು.

"ಕೋಳಿ" ಎಂದರು ಅತ್ತೆ.

"ಆಂಧ್ರದ ನಕಾಶೆ" ಎಂದರು ನನ್ನ ಗಂಡ.

ಚಾಚಾ ಬಹಳ ಹೊತ್ತು ನೋಡಿ, "ಬದಕ್. ಖರೇನೇ ಬದಕ್" ಎಂದರು. ಬದಕ್ ಎಂದರೆ ಬಾತುಕೋಳಿ.

ಮಾವನವರ ಮುಖ ಸಣ್ಣದಾಯಿತು. ಅವರು ಮಾಡಿದ್ದು ನವಿಲು; ಚೂರು ಜೋಡಿಸುವಾಗ ತಮ್ಮಷ್ಟಕ್ಕೆ ಹೇಳಿಕೊಂಡದ್ದು ನನ್ನ ಕಿವಿಗೆ ಬಿದ್ದಿತ್ತು. ನಾನು ಸೊಸೆಯ ಧರ್ಮದಂತೆ "ನವಿಲು ಕಾಣ್ತದ್ರಿ" ಎಂದುಬಿಟ್ಟೆ. ಅವತ್ತಿನಿಂದ ಅವರ ಕಣ್ಣಿನಲ್ಲಿ ಕಲೆಯನ್ನು ಬಲ್ಲವಳು ಮನೆಯಲ್ಲಿ ನಾನೊಬ್ಬಳೇ. ಆ ನವಿಲಿನ ಗರಿಗಳು ಮಾತ್ರ ಚೂಪಾಗಿದ್ದವು. ಒಂದು ವಾರ ಮನೆಮಂದಿಯೆಲ್ಲ ಕಾಲಿಗೆ ಅರಿಶಿನದ ಬಟ್ಟೆ ಸುತ್ತಿಕೊಂಡು ಓಡಾಡಿದೆವು. ಆಮೇಲೆ ಮಾವನವರು ನೆಲದ ಮೇಲೆ ಕೂತು, ಮಸೆಯುವ ಕಲ್ಲಿನಿಂದ ಒಂದೊಂದೇ ಚೂರಿನ ಅಂಚನ್ನು ಉಜ್ಜಿ ನುಣುಪು ಮಾಡಿದರು. ಅದಕ್ಕೆ ಮತ್ತೊಂದು ತಿಂಗಳು.

ಅತ್ತೆ ಇದನ್ನೆಲ್ಲ ತಡೆದುಕೊಂಡಿದ್ದರು. ಅವರು ನಿಜವಾಗಿ ಸಿಟ್ಟಾದದ್ದು ಪರದೆಯ ಕಾಲಕ್ಕೆ. ಬಚ್ಚಲಿನ ಕಿಟಕಿಗೆ ಒಂದು ಪರದೆ ಬೇಕೆನಿಸಿ, ಮಾವನವರು ಅತ್ತೆಯ ಮದುವೆಯ ಇಳಕಲ್ ಸೀರೆಯನ್ನು ಪೆಟ್ಟಿಗೆಯಿಂದ ತೆಗೆದು, ಸೆರಗಿನ ಕಡೆ ಕತ್ತರಿಸಿ, ಹೊಲಿದು ಕಟ್ಟಿಬಿಟ್ಟರು. ಅತ್ತೆ ಸ್ನಾನಕ್ಕೆ ಹೋದವರು ಒದ್ದೆ ಕೂದಲಲ್ಲೇ ಹೊರಗೆ ಬಂದರು. ಎಂಟು ದಿನ ಗಂಡನ ಜೊತೆ ಮಾತಿಲ್ಲ. ನಡುವೆ ಟಪಾಲಿನ ಕೆಲಸ ನನ್ನದು.

"ಯವ್ವಾ, ನಿಮ್ಮತ್ತಿಗಿ ಹೇಳು. ಪೆಟ್ಟಿಗಿಯೊಳಗ ನುಸಿ ತಿನ್ನಾಕತ್ತಿತ್ತು. ಈಗ ದಿನಾ ಬಿಸಲು ಬಿದ್ದು ಮಿಂಚಾಕತ್ತದ."

"ನುಸಿ ತಿಂದಿದ್ರ ನಾ ಸುಮ್ಮನಿರ್ತಿದ್ದೆ ಅಂತ ಹೇಳವ್ವಾ. ನುಸಿಗಿ ಕೇಳಾಕ ಬಾಯಿಲ್ಲ, ಇವರಿಗಿ ಅದ. ಇವರು ನುಸೀಕಿಂತ ಕಡೆ."

"ಆ ಸೀರ್ಯಾಗ ಆಕಿನ್ನ ನಾ ಒಂದ ದಿನ ನೋಡಿದ್ದೆ. ಈಗ ದಿನಾ ನೆನಪಾಗ್ತದ ಅಂತ ಹೇಳು."

ಈ ಕೊನೆಯ ಮಾತನ್ನು ದಾಟಿಸಲು ನನಗೆ ನಾಚಿಕೆಯಾಯಿತು. ಆದರೂ ಹೇಳಿದೆ. ಒಂಬತ್ತನೆಯ ದಿನ ಅತ್ತೆ ಪರದೆಯನ್ನು ತಾವೇ ಬಿಚ್ಚಿ ಒಗೆದು, ಒಣಗಿಸಿ, ಮತ್ತೆ ಅಲ್ಲೇ ಕಟ್ಟಿದರು.

ನನ್ನ ನಾದಿನಿಯನ್ನು ನೋಡಲು ದೇವದುರ್ಗದಿಂದ ಗಂಡಿನ ಕಡೆಯವರು ಬಂದದ್ದು ಇದಾದ ಮರುವರ್ಷ. ಪಡಸಾಲೆಯ ಉದುರಿದ ಗೋಡೆಗೆ ಜಮಖಾನೆ ಇಳಿಬಿಟ್ಟು ಅವರನ್ನು ಕೂಡಿಸಿದೆವು. ಗಂಡಿನ ತಾಯಿ ಕೈಕಾಲು ತೊಳೆಯಲು ಬಚ್ಚಲಿಗೆ ಹೋದರು. ಹೋದವರು ಬರಲೇ ಇಲ್ಲ. ಅವಲಕ್ಕಿ ಆರಿತು, ಚಹಾ ಆರಿತು. ಜಾರಿಬಿದ್ದರೋ ಏನೋ ಎಂದು ನಾನು ಹೋಗಿ ನೋಡಿದರೆ, ಆಕೆ ಮಣೆಯ ಮೇಲೆ ಕೂತು ಗೋಡೆ, ನೆಲ, ಪರದೆ ಎಲ್ಲವನ್ನೂ ಒಂದೊಂದಾಗಿ ನೋಡುತ್ತಿದ್ದರು.

"ಇದನ್ನ ಮಾಡಿದವರು ಯಾರವ್ವಾ?" ಎಂದು ಕೇಳಿದರು.

ನಾನು ಮಾವನವರ ಹೆಸರು ಹೇಳಲಿಕ್ಕಾಗದೆ ಪಡಸಾಲೆಯ ಕಡೆ ಕೈ ತೋರಿಸಿದೆ. ಆಕೆ ಬಂದು ಕೂತು, ಹುಡುಗಿಯ ಕಡೆ ಒಮ್ಮೆಯಷ್ಟೇ ನೋಡಿ, ಮಾವನವರಿಗೆ ಹೇಳಿದರು, "ನಾ ಮದುವಿ ಆದಾಗಿಂದ ಕತ್ತಲ ಗೂಡಿನಾಗ ಮೈ ತೊಳಕೊಂಡೀನ್ರಿ. ನಮಗ ಕೊಡೂದು ತಗೊಳ್ಳೂದು ಏನೂ ಬ್ಯಾಡ. ಹುಡಿಗಿ ಕಳಸೂಮುಂದ ಒಂದ ತಿಂಗಳ ನೀವೂ ಬರ್ರಿ."

ವರದಕ್ಷಿಣೆ ಕೇಳದೆ ಬಚ್ಚಲು ಕೇಳಿದ ಬೀಗರನ್ನು ನೀವೆಲ್ಲಾದರೂ ಕಂಡಿದ್ದೀರಾ? ಮಾವನವರು ಮಗಳ ಹಿಂದೆಯೇ ಚೂರು ಟೈಲ್ಸಿನ ಎರಡು ಗೋಣಿಚೀಲಗಳನ್ನು ದೇವದುರ್ಗದ ಬಸ್ಸಿನ ಮೇಲೆ ಹಾಕಿಸಿಕೊಂಡು ಹೋದರು. ಚೀಲದಲ್ಲೇನಿದೆ ಎಂದು ಕಂಡಕ್ಟರು ಕೇಳಿದ್ದಕ್ಕೆ "ನವಿಲು" ಎಂದರಂತೆ. ಅಲ್ಲಿ ಒಂದು ತಿಂಗಳಿಗೆ ಹೋದವರು ಎರಡು ತಿಂಗಳು ನಿಂತರು. ಬೀಗಿತಿಯ ಅಕ್ಕಪಕ್ಕದ ಮನೆಯ ಹೆಂಗಸರೂ ಬಿಟ್ಟಿರಲಿಲ್ಲ.

ಎಂಬತ್ತರ ದಶಕದ ಆರಂಭದಲ್ಲಿ, ನನಗೆ ಏಳು ತಿಂಗಳು ತುಂಬಿದಾಗ, ಕೂಸು ಹೊಟ್ಟೆಯಲ್ಲೇ ಹೋಯಿತು. ತವರಿನಲ್ಲಿ ಒಂದು ತಿಂಗಳಿದ್ದು ರಾಯಚೂರಿಗೆ ಮರಳಿದೆ. ಬಂದವರೆಲ್ಲ ಒಳ್ಳೆಯ ಮಾತೇ ಆಡಿದರು. "ಅಳಬ್ಯಾಡವ್ವಾ, ಇನ್ನಾ ವಯಸ್ಸದ." "ಮುಂದಿನ ವರ್ಷ ತೊಟ್ಟಲ ಕಟ್ಟೂಣು." ಅಳಬೇಡ ಎಂದವರ ಎದುರಿಗೆ ಅಳುವುದು ಹೇಗೆ? ಮನೆಯಲ್ಲಿ ಯಾವ ಮೂಲೆಗೆ ಹೋದರೂ ಯಾರಾದರೂ ಇರುತ್ತಿದ್ದರು. ಉಳಿದದ್ದು ಬಚ್ಚಲೊಂದೇ. ಒಳಗೆ ಹೋಗಿ ಚಿಲಕ ಹಾಕಿ, ದನಿ ಹೊರಗೆ ಕೇಳದಂತೆ ತಂಬಿಗೆಯಿಂದ ನೀರು ಸುರಿಯುತ್ತ ಅಳುತ್ತಿದ್ದೆ. ಅಷ್ಟರಲ್ಲಿ ಕಾಲೇಜಿಗೆ ಹೊತ್ತಾಯಿತೆಂದು ಮೈದುನ ಬಾಗಿಲು ಬಡಿಯುವನು. ಮುಖ ತೊಳೆದು, ಹೊರಗೆ ಬಂದು, ರೊಟ್ಟಿ ಬಡಿಯಲು ಕೂಡುವೆ.

ಮೂರೋ ನಾಲ್ಕೋ ದಿನ ಹೀಗೇ ನಡೆದ ಮೇಲೆ, ಒಂದು ಬೆಳಿಗ್ಗೆ ಹೊರಗೆ ಸ್ಟೂಲು ಎಳೆದ ಸಪ್ಪಳವಾಯಿತು. ಎಣ್ಣೆಬಣ್ಣದ ವಾಸನೆ ಬಂತು. ಮೈದುನನ ಹೆಜ್ಜೆ ಬಾಗಿಲ ತನಕ ಬಂದು ನಿಂತಿತು.

"ಮುಟ್ಟಬ್ಯಾಡಲೇ" ಎಂದರು ಮಾವನವರು. "ಬಾಗಲಕ ಬಣ್ಣ ಹಚ್ಚಾಕತ್ತೀನಿ. ಹಸಿ ಅದ."

"ಒಳಗ ಅತ್ತಿಗಿ ಅದಾರಲ್ಲಪ್ಪಾ."

"ಅದಾಳ. ಒಣಗಿದ ಮ್ಯಾಲ ಬರ್ತಾಳ. ನೀ ತೊಟ್ಟಿ ಕಡೀಗಿ ಹೋಗಿ ಮೈ ತೊಳಕೋ."

ಮಾವನವರ ಪ್ರತಿಯೊಂದು ಕೆಲಸಕ್ಕೂ ಗೊಣಗುತ್ತಿದ್ದ ಅತ್ತೆ ಅವತ್ತು ಗೊಣಗಲಿಲ್ಲ. ಬಿಸಿನೀರಿನ ಬಕೀಟನ್ನು ತಾವೇ ತೊಟ್ಟಿಯ ಕಡೆ ಹೊತ್ತುಕೊಂಡು ಹೋದ ಸಪ್ಪಳ ನನಗೆ ಕೇಳಿಸಿತು.

ಮರುದಿನವೂ ಬಾಗಿಲಿಗೆ ಬಣ್ಣ. ಅದರ ಮರುದಿನವೂ ಬಣ್ಣ. "ಎಷ್ಟು ಕೈ ಹಚ್ತೀರಿ?" ಎಂದು ನನ್ನ ಗಂಡ ಕೇಳಿದರೆ, "ಹಳೇ ಕಟಗಿ ಅದ, ಕುಡಿಯಾಕತ್ತದ" ಎಂದರು. ನಾನು ಒಳಗೆ ಇದ್ದಷ್ಟು ಹೊತ್ತೂ ಅವರು ಹೊರಗೆ ಕೂತಿರುತ್ತಿದ್ದರು. ಕೆಮ್ಮುತ್ತಿರಲಿಲ್ಲ, ಕರೆಯುತ್ತಿರಲಿಲ್ಲ. ಬಾಗಿಲು ಬಡಿಯುವವರು ಯಾರೂ ಇಲ್ಲವೆಂದು ತಿಳಿದ ಮೇಲೆ ನಾನು ತಂಬಿಗೆಯನ್ನು ಕೆಳಗಿಟ್ಟು ಅಳತೊಡಗಿದೆ. ನನ್ನ ದನಿ ನನಗೇ ಕೇಳುವಷ್ಟು ಅತ್ತೆ. ಹೀಗೆ ಸುಮಾರು ಹದಿನೈದು ದಿನ.

ಕೊನೆಕೊನೆಗೆ ಬಣ್ಣದ ವಾಸನೆ ಬರುತ್ತಿರಲಿಲ್ಲ. ನನಗದು ಗೊತ್ತಾಗಿರಲಿಲ್ಲ. ಒಂದು ಬೆಳಿಗ್ಗೆ ಅಳು ಬರಲಿಲ್ಲ. ಸ್ನಾನ ಮುಗಿಸಿದೆ, ದಿನಕ್ಕಿಂತ ಬೇಗ ಚಿಲಕ ತೆಗೆದೆ. ಮಾವನವರು ಸ್ಟೂಲಿನ ಮೇಲೆ ಕೂತಿದ್ದರು. ಕೈಯಲ್ಲಿ ಬ್ರಶ್ ಇತ್ತು, ಅದರ ಕೂದಲು ಒಣಗಿ ಕಡ್ಡಿಯಾಗಿತ್ತು. ಕಾಲ ಬುಡದಲ್ಲಿದ್ದ ಡಬ್ಬಿಯಲ್ಲಿ ಬಣ್ಣವಿರಲಿಲ್ಲ, ಹಳೆಯ ಮೊಳೆಗಳಿದ್ದವು.

ನಾನು ಡಬ್ಬಿ ನೋಡಿದ್ದನ್ನು ಅವರು ನೋಡಿದರು. ಅಷ್ಟು ದಿನದಲ್ಲಿ ನನಗೆ ಸಮಾಧಾನದ ಒಂದು ಮಾತನ್ನೂ ಹೇಳದಿದ್ದವರು ಮನೆಯಲ್ಲಿ ಅವರೊಬ್ಬರೇ. ಬಾಗಿಲಿನ ಕಡೆ ಮುಖ ಮಾಡಿ, ಒಣ ಬ್ರಶ್ಶನ್ನು ಹಲಗೆಯ ಮೇಲೆ ಒಮ್ಮೆ ನಿಧಾನವಾಗಿ ಆಡಿಸಿ ಕೇಳಿದರು.

"ಇನ್ನೊಂದು ಕೈ ಬೇಕೇನವ್ವಾ? ಬೇಕಾದ್ರ ಹೇಳು, ನಾಳೆನೂ ಹಚ್ತೀನಿ."

"ಸಾಕ್ರಿ ಮಾವಾರ" ಎಂದೆ. "ಒಣಗ್ಯಾದ."