ನೆರೆಹೊರೆಯನ್ನು ಒಲಿಸಿಕೊಂಡ ಕ್ಯಾನ್ಸರ್ ಕೋಶಕ್ಕೆ

ಮಾನ್ಯರೇ,

ನನ್ನ ಕಂಪ್ಯೂಟರ್ ಪರದೆಯ ನಟ್ಟನಡುವೆ ಸುಖಾಸೀನರಾಗಿರುವ ತಮಗೆ, ತಮ್ಮನ್ನು ಲೆಕ್ಕಾಚಾರದಿಂದ ಹುಟ್ಟಿಸಿ, ಸುತ್ತಲೂ ಆರೋಗ್ಯವಂತ ನೆರೆಕೋಶಗಳನ್ನು ಕೂರಿಸಿ, ಉಸಿರಾಡಲು ಆಮ್ಲಜನಕವನ್ನೂ ಒದಗಿಸಿದವಳ ಸವಿನಯ ನಮಸ್ಕಾರಗಳು. ತಾವು ನಿಜವಾದ ಕ್ಯಾನ್ಸರ್ ಕೋಶವಲ್ಲ, ಅದರ ಮಾದರಿ ಮಾತ್ರ ಎಂಬುದನ್ನು ಮರೆತಂತಿರುವುದರಿಂದ ಈ ದೂರನ್ನು ಬಹಿರಂಗವಾಗಿಯೇ ಬರೆಯಬೇಕಾಗಿದೆ.

ಮೊನ್ನೆ ತಮ್ಮನ್ನು ನೋಡಲು ನಮ್ಮ ಪ್ರಯೋಗಾಲಯಕ್ಕೆ ವೈದ್ಯರು ಬಂದಿದ್ದರು. ಹಿಂದಿನ ಸಾಲಿನಲ್ಲಿ ನನ್ನಕ್ಕ ಹತ್ತಿಯ ಟೋಪಿ ಹಾಕಿಕೊಂಡು ಕುಳಿತಿದ್ದಳು. ಎದೆಯ ಗಂಟಿಗೆ ಚಿಕಿತ್ಸೆ ಪಡೆಯುತ್ತಿರುವ ಅವಳು, "ನೀನು ದಿನವಿಡೀ ಯಾರ ಜೊತೆ ಗುದ್ದಾಡ್ತೀಯೋ ನಾನೂ ನೋಡ್ಬೇಕು" ಎಂದು ಹಟ ಹಿಡಿದು ಬಂದಿದ್ದಳು. ತಾವು ಮಾಡಬೇಕಿದ್ದುದು ಇಷ್ಟೇ: ನಾನು ಪರದೆಯ ಮೇಲೆ ಔಷಧಿ ಹರಿಸಿದ ಕೂಡಲೇ, ಎಂದಿನಂತೆ, ಮರ್ಯಾದೆಯಿಂದ ಕುಗ್ಗುವುದು.

ಆದರೆ ತಮ್ಮ ಕರೆಗೆ ಓಗೊಡುವ ಸ್ವಾತಂತ್ರ್ಯವನ್ನು ನೆರೆಕೋಶಗಳಿಗೆ ನಾನು ಹಿಂದಿನ ದಿನವಷ್ಟೇ ಕೊಟ್ಟಿದ್ದೆ. ಗಾಯಕ್ಕೆ ತೇಪೆ ಹಾಕುವುದೇ ಕಸುಬಾಗಿರುವ ಆ ಬಡಪಾಯಿಗಳನ್ನು ತಾವು ಪುಸಲಾಯಿಸಿ, ಅವುಗಳ ಕೈಯಿಂದಲೇ ತಮ್ಮ ಸುತ್ತ ನಾರಿನ ಗೋಡೆ ಕಟ್ಟಿಸಿಕೊಂಡಿರಿ. ಔಷಧಿ ಹೊರಗೆ ನಿಂತು ಬಾಗಿಲು ಹುಡುಕುತ್ತಿದ್ದರೆ ತಾವು ಒಳಗೆ ನಿಶ್ಚಿಂತೆಯಿಂದ ಸಂಸಾರ ಬೆಳೆಸುತ್ತಿದ್ದಿರಿ. ತಮ್ಮ ಈ ಕಲೆಯನ್ನು ಎಷ್ಟು ಹೊಗಳಿದರೂ ಸಾಲದು. ಪಕ್ಕದ ಮನೆಯವರಿಂದ ಒಂದು ಏಣಿಯನ್ನು ಎರವಲು ಪಡೆಯುವುದು ನನ್ನಿಂದ ಈವರೆಗೆ ಸಾಧ್ಯವಾಗಿಲ್ಲ.

ನಮ್ಮ ಪ್ರೊಫೆಸರು ಹಲ್ಲು ಕಚ್ಚಿಕೊಂಡು, "ಏನಮ್ಮಾ ಇದು, ನಿಲ್ಲಿಸು" ಎಂದು ಪಿಸುಗುಟ್ಟಿದರು. ನಿಲ್ಲಿಸುವ ಗುಂಡಿ ಒತ್ತಿದೆ. ತಮ್ಮ ಸಂತಾನವನ್ನು ಎಣಿಸುವುದರಲ್ಲಿ ಮುಳುಗಿದ್ದ ಕಂಪ್ಯೂಟರಿನ ಕಿವಿಗೆ ಅದು ಬೀಳಲೇ ಇಲ್ಲ. ಆಗ ಅಕ್ಕ ಎದ್ದು ನಿಂತು, "ನನ್ನ ಗಂಟೂ ಹೀಗೇ ಮಾಡುತ್ತಾ?" ಎಂದಳು. ಸುಳ್ಳು ಹೇಳಲು ನಾಲಿಗೆ ಹೊರಳಲಿಲ್ಲ. "ಗೊತ್ತಿಲ್ಲ ಅಕ್ಕಾ" ಎಂದೆ.

ಗಂಟಿನ ತುಣುಕುಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವ ವೈದ್ಯೆಯೊಬ್ಬರು ಮಾತ್ರ ಕನ್ನಡಕ ಏರಿಸಿಕೊಂಡು ಪರದೆಯ ಹತ್ತಿರಕ್ಕೆ ಬಂದು, "ಇದನ್ನ ಅಳಿಸ್ಬೇಡಿ. ಕೆಲವು ಗಂಟುಗಳಲ್ಲಿ ನಾನು ನೋಡೋ ಗೋಡೆ ಇದೇ ಥರ ಇರುತ್ತೆ. ಇಷ್ಟು ದಿನ ನೀವು ತೋರಿಸ್ತಿದ್ದ ಸಾಧು ಗಂಟನ್ನ ನಾನಂತೂ ಎಲ್ಲೂ ಕಂಡಿಲ್ಲ" ಎಂದರು. ಅಂದರೆ ಮಾನ್ಯರೇ, ನನ್ನ ಮಾನ ಹರಾಜಾದ ಗಳಿಗೆಯಲ್ಲೇ ತಾವು ಮೊದಲ ಸಲ ನಿಜ ನುಡಿದಿದ್ದಿರಿ. ಈಗ ನಾವು ತಮ್ಮನ್ನು ಬಿಟ್ಟು, ಗೋಡೆ ಕಟ್ಟುವ ನೆರೆಯವರ ಬೆನ್ನು ಹತ್ತಿದ್ದೇವೆ.

ಆದ್ದರಿಂದ ಇನ್ನು ಮುಂದೆ ಗೋಡೆ ಕಟ್ಟಿಸುವ ಮುನ್ನ ತಾವು ದಯಮಾಡಿ ಪೂರ್ವಸೂಚನೆ ಕೊಡಬೇಕೆಂದೂ, ಹೊಟ್ಟೆಪಾಡಿಗಾಗಿ ರಕ್ತನಾಳಗಳನ್ನು ತಮ್ಮತ್ತ ಎಳೆದುಕೊಳ್ಳುವುದಾದರೆ ಕಚೇರಿಯ ವೇಳೆಯಲ್ಲಷ್ಟೇ ಎಳೆದುಕೊಳ್ಳಬೇಕೆಂದೂ, ಅಕ್ಕ ಎದುರಿಗಿರುವಾಗಲಾದರೂ ಕೊಂಚ ಸೋತಂತೆ ನಟಿಸಬೇಕೆಂದೂ ಕೋರುತ್ತೇನೆ.

ಕೊನೆಯ ಕೋರಿಕೆಗೆ ಅಕ್ಕನದೇ ಆಕ್ಷೇಪವಿದೆ. ಬಸ್ಸಿನಲ್ಲಿ ಮನೆಗೆ ಹೋಗುವಾಗ, "ಅದಕ್ಕೆ ನೀನು ಕಲಿಸ್ತಿದ್ದೀಯೋ, ಅದರಿಂದ ನೀನು ಕಲೀತಿದ್ದೀಯೋ?" ಎಂದು ಕೇಳಿದಳು. ಕಲಿಯುತ್ತಿದ್ದೇನೆ ಎಂದೆ. ಅವಳು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು, "ಹಾಗಾದ್ರೆ ಸ್ವಲ್ಪ ಬೇಗ ಕಲಿ" ಎಂದಳು.

ಇನ್ನೆಂದೂ ತಮ್ಮನ್ನು ನಂಬದ,
ತಮ್ಮ ವಿಶ್ವಾಸಿ,
ತಮ್ಮನ್ನು ಹುಟ್ಟಿಸಿದವಳು

ವಿ.ಸೂ.: ಈ ಪತ್ರ ಮುಗಿದ ಕೂಡಲೇ ಕಂಪ್ಯೂಟರನ್ನು ಬಂದ್ ಮಾಡುತ್ತೇನೆ. ನಾಳೆ ತಾವು ಮತ್ತೆ ಒಂಟಿ ಕೋಶವಾಗಿ, ಏನೊಂದೂ ನೆನಪಿಲ್ಲದೆ ಹುಟ್ಟುತ್ತೀರಿ. ನನಗೆ ಎಲ್ಲವೂ ನೆನಪಿರುತ್ತದೆ.