ಗಾಯದ ಕಲೆ ಉಳಿಸಿಕೊಡಿ, ಡಾಕ್ಟ್ರೇ

ನಾನು ಬಾಯಿ ಬಿಟ್ಟರೆ ಸಾಕು, ಏನಾದರೊಂದು ಆಗಿಯೇ ತೀರುತ್ತೆ. ನನ್ನ ಕ್ಲಿನಿಕ್ಕಿನ ಹಣೆಬರಹವೇ ಹಾಗೆ.

ನಾನು ಸರ್ಜನ್. ಕ್ಲಿನಿಕ್ಕು ಶಿವಮೊಗ್ಗದಲ್ಲಿ, ಬುಧವಾರ ಸಂಜೆ ಮಾತ್ರ ಭದ್ರಾವತಿಯಲ್ಲಿ. ಗಾಯ ವಾಸಿ ಮಾಡೋದು ನನ್ನ ಕೆಲಸ, ವಾಸಿಯಾದ ಮೇಲೆ ಕಲೆ ಉಳೀತು ಅಂತ ಬೈಸಿಕೊಳ್ಳೋದೂ ನನ್ನದೇ ಕೆಲಸ. ತೊಂಬತ್ತರ ದಶಕದ ಕೊನೆಯಲ್ಲಿ ಡಾಕ್ಟರುಗಳ ಸಭೆಯೊಂದರಲ್ಲಿ ಒಂದು ಭಾಷಣ ಕೇಳಿದೆ. ತಾಯಿಯ ಹೊಟ್ಟೆಯೊಳಗಿರುವ ಮಗುವಿಗೆ ಮೊದಲ ಕೆಲವು ತಿಂಗಳಲ್ಲಿ ಗಾಯವಾದರೆ, ಚರ್ಮ ನಮ್ಮ ಹಾಗೆ ಕೆಂಪಾಗಿ ಊದಿಕೊಳ್ಳಲ್ಲವಂತೆ, ಕಲೆ ಇಲ್ಲದೆ ಕೂಡಿಕೊಳ್ಳುತ್ತಂತೆ. ತಿಂಗಳು ತುಂಬುತ್ತಾ ಬಂದ ಹಾಗೆ ಆ ಭಾಗ್ಯ ಹೋಗಿಬಿಡುತ್ತೆ. ಕೇಳಿ ನನಗೆ ಹುಚ್ಚೇ ಹಿಡೀತು. ಅವತ್ತಿನಿಂದ ಸಿಕ್ಕಿದವರಿಗೆಲ್ಲ ಇದನ್ನೇ ಹೇಳೋ ಚಟ. ತೆಪ್ಪಗೆ ಡ್ರೆಸ್ಸಿಂಗ್ ಮಾಡಿಕೊಂಡಿದ್ದರೆ ಮುಂದಿನ ಫಜೀತಿಗಳು ಆಗ್ತಿರಲಿಲ್ಲ.

ಕಾರ್ಖಾನೆಯ ಕೈ

ಭದ್ರಾವತಿಯಲ್ಲಿ ಒಬ್ಬ ಫಿಟ್ಟರ್ ಬರ್ತಿದ್ದ. ಕಾದ ಕಬ್ಬಿಣ ಸಿಡಿದು ಮುಂಗೈ ಸುಟ್ಟಿತ್ತು, ಸುತ್ತ ಕೆಂಪಗೆ ಊದಿತ್ತು. ಮೊದಲು ಈ ಊತ ಇಳಿಸಿ ಅಂತ ಅವನ ಒಂದೇ ವರಾತ. ನನಗೆ ಸಿಟ್ಟು ಬಂತು. ಊತ ಅಂದರೆ ಶತ್ರು ಅಲ್ಲ ಮಾರಾಯ, ಗಾಯವಾದ ಜಾಗಕ್ಕೆ ಮೈಯೇ ರಿಪೇರಿಗೆ ಜನ ಕಳಿಸಿದೆ, ಅವರ ಗದ್ದಲವೇ ಈ ಊತ ಅಂದೆ. ಗದ್ದಲ ಜಾಸ್ತಿಯಾದಷ್ಟೂ ಕಲೆಯೂ ಜಾಸ್ತಿ; ಗರ್ಭದಲ್ಲಿರೋ ಮಗುವಿಗೆ ಅಷ್ಟು ಜನ ಬರೋದೇ ಇಲ್ಲ, ಆದರೂ ಕೆಲಸ ಚೊಕ್ಕವಾಗಿ ಮುಗಿಯುತ್ತೆ ಅಂತ ನನ್ನ ಪುರಾಣ ಬಿಚ್ಚಿದೆ.

ಅವನು ಸುಟ್ಟ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. ನಮ್ಮಲ್ಲೂ ಮಿಷನ್ ಕೆಟ್ಟರೆ ಇದೇ ಕಥೆ, ಇಬ್ಬರು ಬಗ್ಗಿ ಕೆಲಸ ಮಾಡ್ತಾರೆ, ಮಿಕ್ಕವರೆಲ್ಲ ಸುತ್ತ ನಿಂತು ನೋಡ್ತಾರೆ ಅಂದ. ಆಮೇಲೆ ತುಂಬ ಗಂಭೀರವಾಗಿ ಹೇಳಿದ:

"ಹೊಟ್ಟೆ ಒಳಗೆ ಸೂಪರ್‌ವೈಸರ್ ಇರಲ್ವಲ್ಲ ಮೇಡಂ, ಅದಕ್ಕೇ ಕೆಲಸ ನೀಟಾಗಿ ಆಗುತ್ತೆ."

ಬಜಾರಿನ ಬೆನ್ನು

ಶಿವಮೊಗ್ಗದ ಬಜಾರಿನಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಸಾಹುಕಾರರೊಬ್ಬರಿಗೆ ಬೆನ್ನಿನಲ್ಲಿ ಕುರು ಎದ್ದು, ನಾನೇ ಕೊಯ್ದಿದ್ದೆ. ವಾಸಿಯೇನೋ ಆಯ್ತು, ಆದರೆ ಕಲೆ ದಪ್ಪಗೆ ಉಬ್ಬಿ ನಿಂತುಬಿಟ್ಟಿತು. ಬೆನ್ನು ಯಾರು ನೋಡ್ತಾರೆ ಸ್ವಾಮಿ ಅಂದರೆ ಕೇಳರು. ಕೊನೆಗೆ ಅವರಿಗೂ ಗರ್ಭದ ಚರ್ಮದ ಕಥೆ ಹೇಳಿದೆ. ಅವರ ಕಣ್ಣು ಅರಳಿತು. ಆ ಔಷಧಿ ಬೆಂಗಳೂರಿನಲ್ಲಿ ಸಿಗುತ್ತಾ, ಮುಂಬಯಿಯಿಂದ ತರಿಸಬೇಕಾ ಅಂತ ಶುರು ಮಾಡಿದರು. ಔಷಧಿ ಎಲ್ಲೂ ಇಲ್ಲ, ತಾಯಿ ಹೊಟ್ಟೆಯೊಳಗೇ ಇರಬೇಕಾಗುತ್ತೆ ಅಂದೆ.

ಜೊತೆಗೆ ಅವರ ವಯಸ್ಸಾದ ತಾಯಿ ಬಂದಿದ್ದರು. ಅಲ್ಲಿಯವರೆಗೆ ಎಲೆ ಅಡಿಕೆ ಹಾಕಿಕೊಂಡು ಸುಮ್ಮನೆ ಕೂತಿದ್ದವರು, ಗಾಬರಿಯಾಗಿ ಸೆರಗು ಸರಿಮಾಡಿಕೊಂಡರು.

"ಒಂದ್ಸಲ ಇಟ್ಟುಕೊಂಡಿದ್ದೇ ಸಾಕಾಗಿದೆ ತಾಯಿ, ಇನ್ನು ನನ್ನ ಕೈಲಾಗಲ್ಲ."

ಅವಳಿಯ ಹಣೆ

ಗೆಳತಿಯೊಬ್ಬಳು ಹೆರಿಗೆ ಡಾಕ್ಟರು. ಒಂದು ಬೆಳಿಗ್ಗೆ ಫೋನ್ ಮಾಡಿ, ಬೇಗ ಬಾರೇ ಅಂದಳು. ಸಿಸೇರಿಯನ್ ಮಾಡುವಾಗ ಅವಳಿ ಹೆಣ್ಣುಮಕ್ಕಳಲ್ಲಿ ಮೊದಲು ಬಂದವಳ ಹಣೆಗೆ ಬ್ಲೇಡಿನ ತುದಿ ತಾಗಿಬಿಟ್ಟಿತ್ತು. ಹೋಗಿ ನೋಡಿದೆ. ಮೇಲುಮೇಲಿನ ಕೂದಲೆಳೆಯಷ್ಟು ಗೀರು, ಹೊಲಿಗೆಯೂ ಬೇಡ. ಆದರೆ ಹೆಣ್ಣುಮಗು, ಹಣೆ ಬೇರೆ. ಮನೆಯವರಿಗೆ ನೀನೇ ಹೇಳೇ ಅಂತ ಗೆಳತಿ ನನ್ನನ್ನೇ ಹೊರಗೆ ಕಳಿಸಿದಳು, ಪಾಪ.

ಹೊರಗೆ ಇಬ್ಬರು ಅಜ್ಜಿಯರು ನಿಂತಿದ್ದರು. ಅಪ್ಪನ ತಾಯಿ ಶಿವಮೊಗ್ಗದವರು, ಅಮ್ಮನ ತಾಯಿ ಭದ್ರಾವತಿಯವರು. ಅವಳಿ ಅಂತ ಗೊತ್ತಾದಾಗಲೇ ಅವರಲ್ಲಿ ಒಪ್ಪಂದ ಆಗಿತ್ತು: ದೊಡ್ಡದಕ್ಕೆ ಶಿವಮೊಗ್ಗದ ಅಜ್ಜಿಯ ಹೆಸರು, ಚಿಕ್ಕದಕ್ಕೆ ಭದ್ರಾವತಿ ಅಜ್ಜಿಯ ಹೆಸರು, ಅವರವರ ಹೆಸರಿನ ಮಗುವನ್ನು ಅವರವರೇ ಎತ್ತಿ ಆಡಿಸಿ ಮಲಗಿಸಬೇಕು. ನಾನು ಕೈಮುಗಿದು ನಡೆದದ್ದು ಹೇಳಿ, ಎಳೆ ಚರ್ಮ, ಗೀರೂ ಮೇಲುಮೇಲಿನದು, ಕಲೆ ಉಳಿಯಲ್ಲ ಅಂತ ಧೈರ್ಯ ಕೊಟ್ಟೆ.

ಅಜ್ಜಿಯರು ಮುಖ ಮುಖ ನೋಡಿಕೊಂಡರು. ಎರಡೂ ಒಂದೇ ಅಚ್ಚಿನಲ್ಲಿ ತೆಗೆದ ಹಾಗಿವೆ, ಆ ಗೀರೂ ಹೋದರೆ ದೊಡ್ಡದು ಯಾವುದು ಅಂತ ತಿಳಿಯೋದು ಹೇಗೆ, ಒಂದು ಚೂರು ಉಳಿಯೋ ಹಾಗೆ ಮಾಡಿ ಅಂತ ಇಬ್ಬರೂ ಸೇರಿ ನನ್ನನ್ನೇ ಹಿಡಿದುಕೊಂಡರು. ನನ್ನ ಸರ್ವೀಸಿನಲ್ಲಿ ಕಲೆ ಬೇಕು ಅಂದವರು ಅವರೇ ಮೊದಲು.

ಗೀರು ಹೋಯಿತು. ಅಜ್ಜಿಯರು ಕಾಡಿಗೆ ಬೊಟ್ಟಿನ ಉಪಾಯ ಮಾಡಿದರು, ದೊಡ್ಡವಳಿಗೆ ಬಲಗೆನ್ನೆ, ಚಿಕ್ಕವಳಿಗೆ ಎಡಗೆನ್ನೆ. ಎಲ್ಲ ಸರಿಯಾಗಿಯೇ ನಡೀತಿತ್ತು. ನಾಮಕರಣದ ಹಿಂದಿನ ದಿನ, ಮಕ್ಕಳಿಗೆ ನೀರೆರೆಯಲು ಹೊಸಬಳೊಬ್ಬಳು ಬಂದಳು. ಚೆನ್ನಾಗಿ ಎಣ್ಣೆ ತಿಕ್ಕಿ, ಎರೆದು, ಧೂಪ ಹಾಕಿ, ದೃಷ್ಟಿಯಾಗದಿರಲಿ ಅಂತ ಪ್ರೀತಿಯಿಂದ ಇಬ್ಬರಿಗೂ ಬಲಗೆನ್ನೆಗೇ ಬೊಟ್ಟಿಟ್ಟು ಮಲಗಿಸಿ ಹೋದಳು.

ಇಡೀ ಸಂಸಾರ ಆಟೋದಲ್ಲಿ ನನ್ನ ಕ್ಲಿನಿಕ್ಕಿಗೆ ಬಂತು. ನಾಳೆ ಹೆಸರಿಡಬೇಕು, ಗೀರು ಯಾರ ಹಣೆಯಲ್ಲಿತ್ತು ಹುಡುಕಿಕೊಡಿ ಅಂದರು. ಭೂತಗನ್ನಡಿ ಹಿಡಿದು ಎರಡು ಹಣೆಯನ್ನೂ ಅಂಗುಲ ಅಂಗುಲ ನೋಡಿದೆ. ಎರಡೂ ಬೆಣ್ಣೆ. ಅಷ್ಟರಲ್ಲಿ ಒಂದು ಮಗು ಅಳಲು ಶುರು ಮಾಡಿ, ಏನು ಮಾಡಿದರೂ ನಿಲ್ಲಿಸಲಿಲ್ಲ. ಇನ್ನೊಂದು ಹಾಯಾಗಿ ಬೆರಳು ಚೀಪುತ್ತಿತ್ತು. ನನ್ನ ಹೆಸರಿನವಳು ಇವಳೇ ಅಂತ ಇಬ್ಬರು ಅಜ್ಜಿಯರೂ ಬೆರಳು ಚೀಪುವವಳ ಮೇಲೇ ಕೈಯಿಟ್ಟರು. ಮಾತಿಗೆ ಮಾತು ಬೆಳೆದು ನಾಮಕರಣವೇ ನಿಲ್ಲುವ ಹಾಗಾಯಿತು. ಮಕ್ಕಳ ಅಪ್ಪ ಗೋಡೆಯ ಕ್ಯಾಲೆಂಡರ್ ನೋಡುತ್ತಾ ನಿಂತ.

ಮೂಲೆಯಲ್ಲಿ ಕೂತಿದ್ದ ಬಾಣಂತಿ ಎದ್ದು ಬಂದಳು. ಅಳುತ್ತಿದ್ದ ಮಗುವನ್ನು ಎತ್ತಿ, "ಇವಳೇ ದೊಡ್ಡವಳು" ಅಂದಳು. ಅದು ಹೇಗೆ ಗೊತ್ತು ಅಂತ ಅತ್ತೆ ಕೇಳಿದ್ದಕ್ಕೆ, ಹೆತ್ತವಳಿಗೆ ಗೊತ್ತಾಗಲ್ವಾ ಅಂತ ಒಂದೇ ಮಾತು. ಅದಕ್ಕೆ ಯಾರು ಎದುರಾಡುತ್ತಾರೆ? ಶಿವಮೊಗ್ಗದ ಅಜ್ಜಿ ಅಳುವ ಮಗುವನ್ನು ಎದೆಗವಚಿಕೊಂಡು ಹೊರಟರು, ಭದ್ರಾವತಿ ಅಜ್ಜಿ ಬೆರಳು ಚೀಪುವ ಮಗುವನ್ನು.

ಬಾಣಂತಿ ಹಿಂದೆ ಉಳಿದಿದ್ದಳು. ನಾವು ಎಷ್ಟು ಓದಿದರೇನು, ತಾಯಿ ಕರುಳಿಗೆ ಗೊತ್ತಾಗೋದು ನಮ್ಮ ಭೂತಗನ್ನಡಿಗೆ ಗೊತ್ತಾಗಲಿಲ್ಲ ನೋಡಮ್ಮ ಅಂದೆ. ಅವಳು ಬಾಗಿಲ ಕಡೆ ಒಂದು ಸಲ ನೋಡಿ, ದನಿ ತಗ್ಗಿಸಿದಳು.

"ನನಗೆಲ್ಲಿ ಗೊತ್ತಾಗುತ್ತೆ ಡಾಕ್ಟ್ರೇ. ಅಳೋವಳನ್ನ ಅತ್ತೆಗೆ ಕೊಟ್ಟೆ."